ಬಣ್ಣದ ಡಬ್ಬಿ ಯಾರ ಕೈಯಲ್ಲಿತ್ತು? ‘ಅನಿಮಲ್ ಫಾರ್ಮ್’ ಪಾತ್ರಗಳನ್ನು ಓದುವ ಸಮಗ್ರ ಮಾರ್ಗದರ್ಶಿ

ನೆಪೋಲಿಯನ್ ಅಂದರೆ ಸ್ಟಾಲಿನ್, ಸ್ನೋಬಾಲ್ ಅಂದರೆ ಸ್ಟಾಲಿನ್‌ನ ಎದುರಾಳಿ ಟ್ರಾಟ್‌ಸ್ಕಿ, ಬಾಕ್ಸರ್ ಅಂದರೆ ದುಡಿಯುವ ವರ್ಗ. ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಬಗ್ಗೆ ಯಾವ ಪರೀಕ್ಷಾ ಗೈಡು ತೆರೆದರೂ ಮೊದಲು ಸಿಗುವುದು ಈ ಪಟ್ಟಿ. ಯಜಮಾನ ಜೋನ್ಸ್‌ನನ್ನು ಓಡಿಸಿ ಹೊಲವನ್ನು ತಾವೇ ನಡೆಸಲು ಹೊರಟ ಪ್ರಾಣಿಗಳು ಕೊನೆಗೆ ಹಂದಿಗಳ ಆಳ್ವಿಕೆಗೆ ಸಿಲುಕುವ ಈ ಕಥೆ ರಷ್ಯಾ ಕ್ರಾಂತಿಯ ರೂಪಕ; ನೆಪೋಲಿಯನ್, ಸ್ನೋಬಾಲ್ ಹಂದಿಗಳು, ಬಾಕ್ಸರ್ ಕುದುರೆ. ಪಟ್ಟಿ ಸುಳ್ಳಲ್ಲ. ತೊಂದರೆ ಏನೆಂದರೆ, ಅದನ್ನು ಬಾಯಿಪಾಠ ಮಾಡಿದವರಿಗೆ ಪುಸ್ತಕ ಓದುವ ಅಗತ್ಯವೇ ಉಳಿಯುವುದಿಲ್ಲ. ಹಂದಿ ಯಾರೆಂದು ಗೊತ್ತಾದ ಮೇಲೆ ಹಂದಿ ಏನು ಮಾಡಿತು ಎಂಬುದರ ಕಡೆ ಯಾರೂ ನೋಡುವುದಿಲ್ಲ. ರಾಜಕೀಯ ರೂಪಕದಲ್ಲಿ ಅಧಿಕಾರ ಕೆಡುವುದು ಹೆಸರುಗಳಲ್ಲಿ ಅಲ್ಲ, ಸಣ್ಣ ಸಣ್ಣ ಕೆಲಸಗಳಲ್ಲಿ: ಐದು ಬಕೆಟ್ ಹಾಲು, ಒಂದು ಏಣಿ, ಒಂದು ಡಬ್ಬಿ ಬಿಳಿ ಬಣ್ಣ. ಈ ಮಾರ್ಗದರ್ಶಿ ಆ ಕೆಲಸಗಳ ಲೆಕ್ಕ ಇಡುವ ಬಗೆಯನ್ನು ಹೇಳುತ್ತದೆ. ತರಗತಿಗೆ, ಓದುಗರ ಕೂಟಕ್ಕೆ, ಇದನ್ನು ರಂಗಕ್ಕೆ ತರಲು ಹೊರಟ ತಂಡಕ್ಕೆ ಒಂದೇ ವಿಧಾನ ಸಾಕು.

ಬೇಕಾಗುವುದು ಪುಸ್ತಕದ ಒಂದು ಪ್ರತಿ, ಇಪ್ಪತ್ತು ಹಾಳೆಯ ನೋಟ್‌ಬುಕ್, ಒಂದು ಪೆನ್ನು, ಒಂದು ಪೆನ್ಸಿಲ್. ಇರುವುದು 10 ಅಧ್ಯಾಯ ಮಾತ್ರ. ಮೊದಲ ಓದು ಒಂದು ಸಂಜೆಯ ಕೆಲಸ, ಲೆಕ್ಕದ ಓದಿಗೆ ಎರಡು ಸಂಜೆ ಹಿಡಿಯಬಹುದು.

ಹಂತ 1: ಇತಿಹಾಸ ಮರೆತು ಒಮ್ಮೆ ಓದಿ

ಮೊದಲ ಸಲ ರಷ್ಯಾ ನೆನಪಿಗೆ ಬಂದರೂ ಬದಿಗಿಡಿ. ಆರ್ವೆಲ್ ಪುಸ್ತಕಕ್ಕೆ ಕೊಟ್ಟ ಉಪಶೀರ್ಷಿಕೆಯೇ ಕಿನ್ನರಿ ಕಥೆ ಎಂಬ ಅರ್ಥದ್ದು. ಮಕ್ಕಳ ಕಥೆಯ ಹಾಗೆ ಓದಿಕೊಂಡು ಹೋಗಿ, ಎಲ್ಲಿ ಸಿಟ್ಟು ಬಂತೋ ಎಲ್ಲಿ ಹೊಟ್ಟೆ ಕಿವುಚಿತೋ ಅಲ್ಲಿ ಪುಟದ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಗಳು ಆಮೇಲೆ ಉಪಯೋಗಕ್ಕೆ ಬರುತ್ತವೆ.

ಕನ್ನಡ ಓದುಗರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ನಾವು ಕರಟಕ ದಮನಕರ ಕಥೆ ಕೇಳಿ ಬೆಳೆದವರು. ಪಂಚತಂತ್ರದ ನರಿ ಹುಟ್ಟುವಾಗಲೇ ನರಿ, ಸಿಂಹ ಹುಟ್ಟುವಾಗಲೇ ರಾಜ. ಇಲ್ಲಿನ ಹಂದಿಗಳು ಹಾಗಲ್ಲ. ಮೊದಲ ಅಧ್ಯಾಯದಲ್ಲಿ ಅವು ಎಲ್ಲರ ಜೊತೆ ಕೂತು ಹಾಡುತ್ತವೆ, ಕೊನೆಯ ಅಧ್ಯಾಯದಲ್ಲಿ ಎರಡು ಕಾಲಲ್ಲಿ ನಡೆಯುತ್ತವೆ. ನೋಡಬೇಕಾದ್ದು ನಡುವಿನ ದಾರಿಯನ್ನು. ಇನ್ನು ಬೈಗುಳದ ಅಭ್ಯಾಸವನ್ನೂ ಬಿಡಬೇಕು. ನಮ್ಮಲ್ಲಿ ಹಂದಿ ಎಂದರೆ ಕೊಳಕು, ಕತ್ತೆ ಎಂದರೆ ದಡ್ಡ. ಈ ಹೊಲದಲ್ಲಿ ಹಂದಿಗಳು ಎಲ್ಲ ಪ್ರಾಣಿಗಳಿಗಿಂತ ಜಾಣರು ಎಂದು ಹೆಸರಾದವರು, ಕತ್ತೆ ಬೆಂಜಮಿನ್ ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲ.

ಹಂತ 2: ಪಾತ್ರಕ್ಕೊಂದು ಹಾಳೆ, ಹಾಳೆಗೆ ನಾಲ್ಕು ಕಲಂ

ಎರಡನೆಯ ಓದಿಗೆ ನೋಟ್‌ಬುಕ್ ತೆರೆಯಿರಿ. ಪ್ರತಿ ಪಾತ್ರಕ್ಕೂ ಒಂದು ಹಾಳೆ. ಹಾಳೆಯಲ್ಲಿ ನಾಲ್ಕು ಕಲಂ: ಹೊಟ್ಟೆ, ಅಕ್ಷರ, ನೆನಪು, ಬಾಯಿ. ಅದು ಏನು ತಿನ್ನುತ್ತದೆ ಮತ್ತು ಆ ಪಡಿ ಹೆಚ್ಚಿತೇ ಇಳಿಯಿತೇ, ಎಷ್ಟು ಓದಬಲ್ಲದು, ಹಿಂದೆ ನಡೆದದ್ದು ಎಷ್ಟು ನೆನಪಿದೆ, ಯಾವಾಗ ಮಾತಾಡಿತು, ಯಾವಾಗ ಸುಮ್ಮನಾಯಿತು. ಪ್ರತಿ ನಮೂದಿನ ಪಕ್ಕ ಅಧ್ಯಾಯದ ಸಂಖ್ಯೆ ಹಾಕಿ. ‘ಒಳ್ಳೆಯವನು’, ‘ದುಷ್ಟ’, ‘ಮುಗ್ಧ’ ಎಂಬ ಮಾತುಗಳನ್ನು ಹಾಳೆಯಲ್ಲಿ ಬರೆಯಲೇಬೇಡಿ. ಅಲ್ಲಿಗೆ ಹೋಗಬೇಕಾದ್ದು ನಡೆದದ್ದು ಮಾತ್ರ.

ಬಾಕ್ಸರ್‌ನ ಹಾಳೆ ತುಂಬಿದಾಗ ಹೇಗಿರುತ್ತದೆ ನೋಡಿ. ಹದಿನೆಂಟು ‘ಹ್ಯಾಂಡ್’ನಷ್ಟು ಎತ್ತರದ, ಎರಡು ಕುದುರೆಯ ಬಲದ ಗಾಡಿ ಕುದುರೆ. (ಇಂಗ್ಲಿಷ್ ಕುದುರೆ ಅಳತೆಯ ಒಂದು ‘ಹ್ಯಾಂಡ್’ ನಾಲ್ಕು ಅಂಗುಲ, ಅಂದರೆ ಭುಜದವರೆಗೇ ಹತ್ತಿರ ಹತ್ತಿರ ಆರಡಿ. ನಮ್ಮ ಗೇಣು ಇದಕ್ಕಿಂತ ದೊಡ್ಡದು, ಪದವನ್ನು ಹಾಗೇ ಬಳಸಿದರೆ ಕುದುರೆ ಆನೆಗಿಂತ ಎತ್ತರವಾಗುತ್ತದೆ. ರಂಗಸಜ್ಜಿಕೆ ಮಾಡುವವರು ಆರಡಿ ಎಂದೇ ಬರೆದುಕೊಳ್ಳಿ.) ಅಕ್ಷರದ ಕಲಮಿನಲ್ಲಿ: ಎ, ಬಿ, ಸಿ, ಡಿ. ಅದರಾಚೆ ದಾಟಲಿಲ್ಲ, ಮುಂದಿನ ನಾಲ್ಕು ಕಲಿತರೆ ಹಿಂದಿನ ನಾಲ್ಕು ಮರೆಯುತ್ತಿತ್ತು. ಬಾಯಿಯ ಕಲಮಿನಲ್ಲಿ ಎರಡೇ ಮಾತು: ಇನ್ನೂ ಹೆಚ್ಚು ದುಡಿಯುತ್ತೇನೆ, ನೆಪೋಲಿಯನ್ ಹೇಳಿದ್ದು ಯಾವಾಗಲೂ ಸರಿ.

ಇಷ್ಟಕ್ಕೆ ನಿಲ್ಲಿಸಿದರೆ ಬಾಕ್ಸರ್ ಬರೀ ದಡ್ಡನಾಗಿ ಕಾಣುತ್ತಾನೆ. 7ನೇ ಅಧ್ಯಾಯಕ್ಕೆ ಹೋಗಿ. ಸ್ನೋಬಾಲ್ ಮೊದಲಿನಿಂದಲೇ ದ್ರೋಹಿ ಎಂದು ನೆಪೋಲಿಯನ್ ಪರ ಮಾತಾಡುವ ಹಂದಿ ಸ್ಕ್ವೀಲರ್ ಹೇಳಿದಾಗ ಒಪ್ಪದೆ ವಾದಕ್ಕಿಳಿಯುವುದು ಬಾಕ್ಸರನೇ. ಆಗ ಅವನ ನೆನಪಿನ ಕಲಂ ಖಾಲಿಯಿಲ್ಲ. ಕೆಲ ದಿನದಲ್ಲೇ, ತಪ್ಪೊಪ್ಪಿಗೆಯ ಸಭೆಯಲ್ಲಿ ಮೂರು ನಾಯಿಗಳು ಅವನ ಮೇಲೆ ಎಗರುತ್ತವೆ. ಬಾಕ್ಸರ್ ಒಂದನ್ನು ಗಾಳಿಯಲ್ಲೇ ಹಿಡಿದು ಗೊರಸಿನಡಿ ಒತ್ತುತ್ತಾನೆ. ತುಳಿದರೆ ಅದು ಅಲ್ಲೇ ಮುಗಿಯುತ್ತಿತ್ತು. ಆದರೆ ಅವನು ತಲೆಯೆತ್ತಿ ನೆಪೋಲಿಯನ್ ಮುಖ ನೋಡುತ್ತಾನೆ: ತುಳಿಯಲೋ ಬಿಡಲೋ ಎಂದು. ಇಡೀ ಪುಸ್ತಕದಲ್ಲಿ ಅಧಿಕಾರ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತೋರಿಸಬೇಕಾದ್ದು ಆ ನೋಟವನ್ನು. ಬಲ ಗೊರಸಿನಲ್ಲಿತ್ತು, ಅಪ್ಪಣೆ ಬೇರೆ ಕಡೆ ಇತ್ತು.

ಇದೇ ಹಾಳೆಯಲ್ಲಿ 1 ಮತ್ತು 9ನೇ ಅಧ್ಯಾಯಗಳನ್ನು ಬಾಣದ ಗುರುತಿನಿಂದ ಜೋಡಿಸಿ. 1ರಲ್ಲಿ ಮುದಿ ಹಂದಿ ಮೇಜರ್ ಭಾಷಣ ಮಾಡುತ್ತ, ನಿನ್ನ ರಟ್ಟೆಯ ಬಲ ಹೋದ ದಿನ ಜೋನ್ಸ್ ನಿನ್ನನ್ನು ಕಟುಕನಿಗೆ ಮಾರುತ್ತಾನೆ ಎಂದು ಬಾಕ್ಸರನಿಗೇ ಹೇಳುತ್ತದೆ. 9ರಲ್ಲಿ ಅಕ್ಷರಶಃ ಅದೇ ನಡೆಯುತ್ತದೆ, ಮಾರುವವರು ಮಾತ್ರ ಬೇರೆ. ವ್ಯಾನಿನ ಮೇಲೆ ಬರೆದದ್ದನ್ನು ಬೆಂಜಮಿನ್ ಓದಿ ಹೇಳುತ್ತಾನೆ: ಕುದುರೆ ಕಡಿದು ಅಂಟು ಕಾಯಿಸುವವನ ಗಾಡಿ. ಆಮೇಲೆ ಹಂದಿಗಳಿಗೆ ಎಲ್ಲಿಂದಲೋ ದುಡ್ಡು ಬಂದು ವಿಸ್ಕಿಯ ಪೆಟ್ಟಿಗೆ ಬರುತ್ತದೆ. ಆರ್ವೆಲ್ ಈ ಎರಡನ್ನು ಕೂಡಿಸಿ ಹೇಳುವುದಿಲ್ಲ. ಕೂಡಿಸುವ ಕೆಲಸ ಓದುಗರದ್ದು. ಹೊಟ್ಟೆಯ ಕಲಂ ಇಟ್ಟಿದ್ದರೆ ತಾನಾಗಿ ಕೂಡುತ್ತದೆ.

ಬೇರೆ ಹಾಳೆಗಳು ಇಷ್ಟು ಉದ್ದ ಬರುವುದಿಲ್ಲ. ಬಿಳಿ ಕುದುರೆ ಮೋಲಿ ತನ್ನ ಹೆಸರಿನ ಅಕ್ಷರ ಬಿಟ್ಟು ಬೇರೇನೂ ಕಲಿಯಲಿಲ್ಲ, ದಂಗೆಯ ನಂತರ ಸಕ್ಕರೆ ಸಿಗುತ್ತದೆಯೇ ಎಂದು ಕೇಳಿದಳು, 5ನೇ ಅಧ್ಯಾಯದಲ್ಲಿ ರಿಬ್ಬನ್ ಕಟ್ಟಿಕೊಂಡು ಬೇರೆ ಯಜಮಾನನ ಗಾಡಿಗೆ ಹೋದಳು. ಅಲ್ಲಿಗೆ ಅವಳ ಹಾಳೆ ಮುಗಿಯಿತು.

ಹಂತ 3: ಹಾಲು ಮಾಯವಾದ ಸಂಜೆಗೆ ಕೆಂಪು ಗುರುತು

2ನೇ ಅಧ್ಯಾಯದ ಕೊನೆ. ಜೋನ್ಸ್ ಓಡಿಹೋಗಿದ್ದಾನೆ. ಹಸುಗಳನ್ನು ಇಡೀ ದಿನ ಕರೆದಿಲ್ಲ. ಕರೆದಾಗ ಐದು ಬಕೆಟ್ ನೊರೆಹಾಲು. ಇದನ್ನೇನು ಮಾಡೋದು ಎಂದು ಯಾರೋ ಕೇಳುತ್ತಾರೆ. ನೆಪೋಲಿಯನ್ ಬಕೆಟ್‌ಗಳ ಮುಂದೆ ನಿಂತು, ಹಾಲಿನ ಚಿಂತೆ ಬಿಡಿ, ಕೊಯ್ಲಿಗೆ ನಡೆಯಿರಿ ಎನ್ನುತ್ತಾನೆ. ಸಂಜೆ ಬಂದು ನೋಡಿದರೆ ಹಾಲಿಲ್ಲ. 3ನೇ ಅಧ್ಯಾಯದಲ್ಲಿ ಅದು ಹಂದಿಗಳ ಕಲಗಚ್ಚಿಗೆ ಸೇರುತ್ತಿದೆ ಎಂದು ಗೊತ್ತಾಗುತ್ತದೆ. ಜೊತೆಗೆ ಉದುರಿದ ಸೇಬೂ ಹಂದಿಗಳಿಗೇ.

ಇದು ಕಥೆಯ ತಿರುವು ಎಂಬುದು ವಿಮರ್ಶಕರ ಊಹೆಯಲ್ಲ. 1946ರ ಡಿಸೆಂಬರ್‌ನಲ್ಲಿ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಪತ್ರದಲ್ಲಿ ಆರ್ವೆಲ್ ತಾನೇ ಹಾಗೆ ಹೇಳಿ, 1921ರ ಕ್ರೋನ್‌ಸ್ಟಾಟ್ ನಾವಿಕರ ಬಂಡಾಯದ ಹೆಸರನ್ನೂ ಸೇರಿಸಿದ್ದಾನೆ. ಆ ಬಂಡಾಯವನ್ನು ಅಡಗಿಸಿದವರ ಮುಂದಾಳುಗಳಲ್ಲಿ ಟ್ರಾಟ್‌ಸ್ಕಿ ಒಬ್ಬ.

ಈ ಒಂದು ಗುರುತಿನಿಂದ ಸ್ನೋಬಾಲ್‌ನ ಹಾಳೆ ಬದಲಾಗುತ್ತದೆ. ಅವನನ್ನು ಒಳ್ಳೆಯ ನಾಯಕ, ಅನ್ಯಾಯವಾಗಿ ಹೊರಬಿದ್ದವ ಎಂದು ಓದುವುದು ಅತಿ ಸಾಮಾನ್ಯ ತಪ್ಪು. ಮಿಕ್ಕ ಎಲ್ಲ ವಿಷಯಕ್ಕೂ ಕಚ್ಚಾಡುವ ಇಬ್ಬರೂ ಹಾಲು ಸೇಬಿನ ವಿಷಯದಲ್ಲಿ ಒಂದೇ ಮಾತು ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಕುರಿಗಳಿಗೆ ‘ನಾಲ್ಕು ಕಾಲು ಒಳ್ಳೇದು, ಎರಡು ಕಾಲು ಕೆಟ್ಟದ್ದು’ ಎಂಬ ಘೋಷಣೆ ಕಟ್ಟಿಕೊಟ್ಟವನೂ ಸ್ನೋಬಾಲ್. 5ನೇ ಅಧ್ಯಾಯದಲ್ಲಿ ಅದೇ ಕುರಿಗಳು ಅದೇ ಘೋಷಣೆ ಒದರಿ ಅವನ ಭಾಷಣಗಳನ್ನು ಕೆಡಿಸುತ್ತವೆ. ಮಾಡಿಟ್ಟ ಆಯುಧ ಮಾಡಿದವನಿಗೇ ತಾಗಿತು.

ಹಂತ 4: ಗೋಡೆಯ ಲೆಕ್ಕ

ನೋಟ್‌ಬುಕ್ಕಿನ ನಡುವಿನ ಎರಡು ಪುಟಗಳನ್ನು, ದಂಗೆಯ ನಂತರ ಗೋಡೆಯ ಮೇಲೆ ಬರೆದ ಏಳು ಕಟ್ಟಳೆಗಳಿಗೆ ಬಿಡಿ. ಎಡಪುಟದಲ್ಲಿ ಮೂಲ ಏಳನ್ನೂ ಬರೆಯಿರಿ. ಬಲಪುಟದಲ್ಲಿ ಪ್ರತಿಯೊಂದರ ಎದುರು ಮೂರು ಪ್ರಶ್ನೆ: ಯಾವ ಅಧ್ಯಾಯದಲ್ಲಿ ಕೆಟ್ಟಿತು, ಯಾವ ಮಾತು ಸೇರಿತು, ಯಾರು ಗಮನಿಸಿದರು.

ಮಂಚದಲ್ಲಿ ಮಲಗಬಾರದೆಂಬ ಕಟ್ಟಳೆ 6ರಲ್ಲಿ ಕೆಡುತ್ತದೆ. ‘ಹಾಸು ಹಾಕಿದ’ ಎಂಬ ಮಾತು ಸೇರುತ್ತದೆ. ಕೊಲ್ಲಬಾರದೆಂಬುದಕ್ಕೆ 8ರ ಆರಂಭದಲ್ಲಿ ‘ಕಾರಣವಿಲ್ಲದೆ’. ಕುಡಿಯಬಾರದೆಂಬುದಕ್ಕೆ 8ರ ಕೊನೆಯಲ್ಲಿ ‘ಮಿತಿಮೀರಿ’. ಒಂದೂ ಕಟ್ಟಳೆ ಅಳಿಸಿಲ್ಲ, ಪ್ರತಿಯೊಂದಕ್ಕೂ ಒಂದೆರಡು ಪದ ಸೇರಿಸಿದ್ದಾರೆ. ಕಾನೂನು ಓದಿ ಬಲ್ಲವರಿಗೆ ಈ ತಂತ್ರದ ಗುರುತು ಹೇಳಿಕೊಡಬೇಕಿಲ್ಲ. ಪೂರ್ತಿ ಅಳಿಸುವುದು 10ರಲ್ಲಿ, ಅಷ್ಟರಲ್ಲಿ ಕೇಳುವವರು ಉಳಿದಿರಲಿಲ್ಲ.

ಈಗ ಮೂರನೆಯ ಪ್ರಶ್ನೆ. ಪಾತ್ರಗಳು ನಿಜವಾಗಿ ತೆರೆದುಕೊಳ್ಳುವುದು ಇಲ್ಲಿ. ಪ್ರತಿ ಸಲವೂ ಅನುಮಾನ ಬರುವುದು ಹೆಚ್ಚಾಗಿ ಕ್ಲೋವರ್‌ಗೆ, ಅಂದರೆ ತಾಯಿಯಂಥ ಆ ದಪ್ಪ ಹೆಣ್ಣು ಕುದುರೆಗೆ. ಅವಳು ಅಕ್ಷರಗಳನ್ನೆಲ್ಲ ಕಲಿತಿದ್ದಾಳೆ, ಕೂಡಿಸಿ ಓದಲು ಬಾರದು. 6ರಲ್ಲಿ ಆಡು ಮ್ಯೂರಿಯಲ್‌ಳನ್ನು ಕರೆದು ಓದಿಸುತ್ತಾಳೆ. 8ರಲ್ಲಿ ಮೊದಲು ಬೆಂಜಮಿನ್‌ನನ್ನು ಕೇಳುತ್ತಾಳೆ. ಇಂಥದ್ದರಲ್ಲಿ ತಲೆ ಹಾಕುವುದಿಲ್ಲ ಎಂದು ಅವನು ಜಾರಿಕೊಳ್ಳುತ್ತಾನೆ. ಮ್ಯೂರಿಯಲ್ ಓದುತ್ತಾಳೆ, ಗೋಡೆಯ ಮೇಲೆ ಇದ್ದದ್ದನ್ನೇ ಓದುತ್ತಾಳೆ, ಮೊದಲು ಏನಿತ್ತೆಂದು ಹೇಳುವುದಿಲ್ಲ. ಹೀಗೆ ನೆನಪು ಒಬ್ಬಳಲ್ಲಿ, ಓದು ಇನ್ನೊಬ್ಬಳಲ್ಲಿ, ಎರಡೂ ಇರುವ ಕತ್ತೆಗೆ ಬಾಯಿಲ್ಲ. ಮೂರೂ ಒಬ್ಬರಲ್ಲೇ ಇದ್ದಿದ್ದರೆ ಬಣ್ಣದ ಡಬ್ಬಿ ಕೆಲಸಕ್ಕೆ ಬರುತ್ತಿರಲಿಲ್ಲ.

ಬೆಂಜಮಿನ್ ತನ್ನ ನಿಯಮ ಮುರಿಯುವುದು ಎರಡೇ ಸಲ: 9ರಲ್ಲಿ ವ್ಯಾನಿನ ಬರಹ ಓದಲು, 10ರಲ್ಲಿ ಕ್ಲೋವರ್‌ಗೆ ಗೋಡೆಯ ಕೊನೆಯ ಸಾಲು ಓದಲು. ಎರಡು ಸಲವೂ ತಡವಾಗಿತ್ತು. ಅವನನ್ನು ಜ್ಞಾನಿ ಎಂದು ಹೊಗಳುವ ಉತ್ತರಗಳು ಬಹಳ. ಹಾಳೆ ತುಂಬಿಸಿದ ಮೇಲೆ ಆ ಹೊಗಳಿಕೆ ಬಾಯಿಗೆ ಬರುವುದು ಕಷ್ಟ.

ಬಣ್ಣದ ಡಬ್ಬಿಯನ್ನೂ ಹಿಂಬಾಲಿಸಿ. 2ನೇ ಅಧ್ಯಾಯದಲ್ಲಿ ಏಣಿ ಹತ್ತಿ ಕಟ್ಟಳೆ ಬರೆದವನು ಸ್ನೋಬಾಲ್. ಕೆಲವು ಮೆಟ್ಟಿಲು ಕೆಳಗೆ ಡಬ್ಬಿ ಹಿಡಿದು ನಿಂತವನು ಸ್ಕ್ವೀಲರ್. 8ರ ಕೊನೆಯಲ್ಲಿ ನಡುರಾತ್ರಿ ಏಣಿ ಮುರಿದು ಬೀಳುವಾಗ ಪಕ್ಕದಲ್ಲಿ ಅದೇ ಬಿಳಿ ಬಣ್ಣದ ಡಬ್ಬಿ, ಬಿದ್ದವನು ಸ್ಕ್ವೀಲರ್. ರಂಗಕ್ಕೆ ತರುವವರು ಈ ಎರಡೂ ದೃಶ್ಯಕ್ಕೆ ಒಂದೇ ಡಬ್ಬಿ, ಒಂದೇ ಏಣಿ ಬಳಸಿ. ಮಾತಿನಲ್ಲಿ ವಿವರಿಸಲು ಹೋಗಬೇಡಿ.

ಹಂತ 5: ನೆಪೋಲಿಯನ್‌ನನ್ನು ಅವನ ಸುತ್ತ ಇರುವವರಿಂದ ಅಳೆಯಿರಿ

ನೆಪೋಲಿಯನ್‌ನ ಬಾಯಿಯ ಕಲಂ ಬಹುತೇಕ ಖಾಲಿ ಇರುತ್ತದೆ. ಗಾಬರಿ ಬೇಡ, ಅದು ಸರಿಯಾದ ಉತ್ತರ. ಹೊಲದ ಏಕೈಕ ಬರ್ಕ್‌ಷೈರ್ ತಳಿಯ ಗಂಡು ಹಂದಿ, ಮಾತು ಕಡಿಮೆ, ಬೇಕಾದ್ದನ್ನು ದಕ್ಕಿಸಿಕೊಳ್ಳುವವನು ಎಂದಷ್ಟೇ ಆರಂಭದಲ್ಲಿ ಹೇಳಿದೆ. ಹೊಲ ಮರಳಿ ಪಡೆಯಲು ಬಂದ ಜೋನ್ಸ್‌ನನ್ನು ಪ್ರಾಣಿಗಳು ಹಿಮ್ಮೆಟ್ಟಿಸಿದ ಕೊಟ್ಟಿಗೆ ಕಾಳಗದ (4ನೇ ಅಧ್ಯಾಯ) ವರ್ಣನೆಯೊಳಗೆ ಅವನ ಹೆಸರು ಹುಡುಕಿ ನೋಡಿ, ಸಿಗದು. ಆದರೆ 7ರಲ್ಲಿ ಸ್ಕ್ವೀಲರ್ ಬಾಯಲ್ಲಿ ಅದೇ ಕಾಳಗದ ವೀರ ಅವನೇ ಆಗಿರುತ್ತಾನೆ.

ಅವನ ಹಾಳೆಯ ಸುತ್ತ ಮೂರು ಸಣ್ಣ ಚೌಕ ಬರೆಯಿರಿ. ಒಂದರಲ್ಲಿ ನಾಯಿಗಳು: ಜೆಸ್ಸಿ ಮತ್ತು ಬ್ಲೂಬೆಲ್ ಹೆತ್ತ ಒಂಬತ್ತು ಮರಿಗಳನ್ನು ಹಾಲು ಬಿಡಿಸಿದ ಕೂಡಲೇ ಒಯ್ದು ಅಟ್ಟದ ಮೇಲೆ ಬೆಳೆಸಿದ್ದು 3ರಲ್ಲಿ, ಹಿತ್ತಾಳೆ ಗುಬುಟಿನ ಪಟ್ಟಿ ಕಟ್ಟಿಕೊಂಡು ಅವು ಸ್ನೋಬಾಲ್ ಮೇಲೆ ಬಿದ್ದದ್ದು 5ರಲ್ಲಿ. ನಡುವೆ ಎಲ್ಲರೂ ಅವನ್ನು ಮರೆತಿದ್ದರು, ಓದುಗರೂ ಸೇರಿ. ಇನ್ನೊಂದರಲ್ಲಿ ಸ್ಕ್ವೀಲರ್: ಅವನ ವಾದಗಳನ್ನು ಒಂದೊಂದಾಗಿ ಬರೆದರೆ ಬಹಳಷ್ಟು ಒಂದೇ ಕಡೆ ಬಂದು ನಿಲ್ಲುತ್ತವೆ, ಜೋನ್ಸ್ ವಾಪಸ್ ಬರಬೇಕೇ ಎಂಬ ಪ್ರಶ್ನೆಗೆ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ಕೇಳಬೇಕಾದ ಪ್ರಶ್ನೆಯನ್ನು ಮುಚ್ಚುವುದು ಅವನ ಕಸುಬು. ಮೂರನೆಯದರಲ್ಲಿ ಕುರಿಗಳು: ಸುಳ್ಳು ಹೇಳುವುದಿಲ್ಲ, ಕಚ್ಚುವುದಿಲ್ಲ, ಯಾರಾದರೂ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅರಚುತ್ತವೆ. 10ರಲ್ಲಿ ಸ್ಕ್ವೀಲರ್ ಅವನ್ನು ಒಂದು ವಾರ ದೂರದ ಪಾಳು ನೆಲಕ್ಕೆ ಒಯ್ದು ಹೊಸ ಹಾಡು ಕಲಿಸಿ ತರುತ್ತಾನೆ: ಎರಡು ಕಾಲು ಇನ್ನೂ ಒಳ್ಳೇದು.

ಯಾವ ಅಧ್ಯಾಯದಲ್ಲಿ ಯಾವ ಚೌಕ ಕೆಲಸ ಮಾಡಿತೆಂದು ಗುರುತಿಸಿ. 7ರಲ್ಲಿ ಕೋಳಿಗಳು ವಾರಕ್ಕೆ ನಾನೂರು ಮೊಟ್ಟೆಯ ಕರಾರಿಗೆ ಎದುರು ನಿಂತು, ಜಂತಿಗೆ ಹಾರಿ ಅಲ್ಲಿಂದಲೇ ಮೊಟ್ಟೆ ಇಟ್ಟು ಒಡೆದಾಗ ಭಾಷಣ ಕೆಲಸಕ್ಕೆ ಬರಲಿಲ್ಲ. ಪಡಿ ನಿಲ್ಲಿಸಿ ನಾಯಿಗಳನ್ನು ಕಾವಲಿಟ್ಟರು. ಐದು ದಿನ ತಡೆದವು, ಒಂಬತ್ತು ಸತ್ತವು. ರೋಗದಿಂದ ಸತ್ತವೆಂದು ಹೊರಗೆ ಹೇಳಿದ್ದಾಯಿತು. ಮಾತು ಸೋತಲ್ಲಿ ಹಲ್ಲು, ಹಲ್ಲು ಮುಗಿಸಿದ ಮೇಲೆ ಮತ್ತೆ ಮಾತು.

ಹಂತ 6: ಈಗ ಪೆನ್ಸಿಲ್ ಹಿಡಿದು ಇತಿಹಾಸ

ಇಷ್ಟು ಮುಗಿದ ಮೇಲೆ ರಷ್ಯಾವನ್ನು ಒಳಗೆ ಬಿಡಿ. ಪೆನ್ಸಿಲಿನಲ್ಲೇ ಬರೆಯಿರಿ, ಅಳಿಸಬೇಕಾಗುತ್ತದೆ. ಪ್ರತಿ ಹೋಲಿಕೆಯ ಪಕ್ಕ ‘ಗಟ್ಟಿ’, ‘ಅರ್ಧ’, ‘ಸಡಿಲ’ ಎಂದು ಗುರುತು ಹಾಕಿ.

ಗಟ್ಟಿ: ಸ್ನೋಬಾಲ್ ಓಡಿಸಿದ್ದು, 1929ರಲ್ಲಿ ಟ್ರಾಟ್‌ಸ್ಕಿಯ ಗಡೀಪಾರು. ತಪ್ಪೊಪ್ಪಿಗೆಯ ಸಭೆ, 1936–38ರ ಮಾಸ್ಕೋ ವಿಚಾರಣೆಗಳು. ನೆರೆಹೊಲದ ಯಜಮಾನ ಫ್ರೆಡರಿಕ್ ಜೊತೆ ಮರದ ವ್ಯಾಪಾರ, ಖೋಟಾ ನೋಟು, ನಂತರ ದಾಳಿ. 1939ರ ಆಗಸ್ಟ್‌ನ ಹಿಟ್ಲರ್–ಸ್ಟಾಲಿನ್ ಒಪ್ಪಂದ, 1941ರ ಜೂನ್‌ನ ಜರ್ಮನ್ ಆಕ್ರಮಣ. ಹಂದಿಗಳೂ ಮನುಷ್ಯರೂ ಕೂತು ಆಡುವ ಕೊನೆಯ ಇಸ್ಪೀಟು ಆಟ. ಸ್ಟಾಲಿನ್, ಚರ್ಚಿಲ್, ರೂಸ್‌ವೆಲ್ಟ್ ಸೇರಿದ 1943ರ ಕೊನೆಯ ತೆಹ್ರಾನ್ ಸಮ್ಮೇಳನ, ಇದನ್ನು ಆರ್ವೆಲ್ 1947ರ ಉಕ್ರೇನಿಯನ್ ಆವೃತ್ತಿಯ ಮುನ್ನುಡಿಯಲ್ಲಿ ತಾನೇ ಹೇಳಿದ್ದಾನೆ.

ಅರ್ಧ: ಮುದಿ ಮೇಜರ್. ವಿಚಾರ ಕೊಟ್ಟದ್ದು ಮಾರ್ಕ್ಸ್ ಹಾಗೆ, ಸತ್ತ ಮೇಲೆ ಬುರುಡೆಯನ್ನು ಪ್ರದರ್ಶನಕ್ಕಿಟ್ಟದ್ದು ಲೆನಿನ್ ಹಾಗೆ. ಪುಸ್ತಕದಲ್ಲಿ ಲೆನಿನ್‌ಗೆ ಬೇರೆ ಪಾತ್ರವೇ ಇಲ್ಲ. ಯಾಕಿಲ್ಲ ಎಂಬುದು ಒಂದು ಇಡೀ ತರಗತಿಯ ಚರ್ಚೆಗೆ ಸಾಕಾಗುವ ಪ್ರಶ್ನೆ. ಸಕ್ಕರೆ ಬೆಟ್ಟದ ಕಥೆ ಹೇಳುವ ಸಾಕು ಕಾಗೆ ಮೋಸೆಸ್ ಅನ್ನು ಚರ್ಚ್ ಎನ್ನಬಹುದು. ದಂಗೆಯ ಹೊತ್ತಿಗೆ ಹೋಗಿ ವರ್ಷಗಳ ಮೇಲೆ ಮರಳಿದ ಅದಕ್ಕೆ ಹಂದಿಗಳು ದಿನಕ್ಕಿಷ್ಟು ಬಿಯರ್ ಕೊಟ್ಟು ಇಟ್ಟುಕೊಳ್ಳುತ್ತವೆ.

ಸಡಿಲ: ಬೆಂಜಮಿನ್. ಕ್ಲೋವರ್. ಇವರಿಗೆ ಯಾರ ಹೆಸರೂ ಅಂಟುವುದಿಲ್ಲ, ಅಂಟಿಸಲೂ ಬೇಡಿ.

ಹೋಲಿಕೆಯನ್ನು ಆರ್ವೆಲ್ ಎಷ್ಟು ಸೂಕ್ಷ್ಮವಾಗಿ ತೂಗುತ್ತಿದ್ದ ಎನ್ನುವುದಕ್ಕೆ ಒಂದು ಉದಾಹರಣೆ. 8ರಲ್ಲಿ ಪ್ರಾಣಿಗಳು ಕಟ್ಟಿದ ಗಾಳಿಯಂತ್ರ ಸಿಡಿದಾಗ ನೆಪೋಲಿಯನ್ ಸೇರಿ ಎಲ್ಲ ಪ್ರಾಣಿಗಳೂ ನೆಲಕ್ಕೆ ಬಿದ್ದವು ಎಂದು ಮೊದಲು ಬರೆದಿದ್ದ. 1945ರಲ್ಲಿ, ಅಚ್ಚಾಗುವ ಮುಂಚೆ, ಅದನ್ನು ‘ನೆಪೋಲಿಯನ್ ಒಬ್ಬನನ್ನು ಬಿಟ್ಟು’ ಎಂದು ತಿದ್ದಿಸಿದ. ಜರ್ಮನ್ನರು ಹತ್ತಿರ ಬಂದರೂ ಸ್ಟಾಲಿನ್ ಮಾಸ್ಕೋ ಬಿಡಲಿಲ್ಲ, ಅವನಿಗೆ ಅನ್ಯಾಯ ಆಗಬಾರದು ಎಂಬುದು ಕಾರಣ. ವಿರೋಧಿಯ ಬಗ್ಗೆ ಬರೆಯುವವರು ಕಲಿಯಬೇಕಾದ ಶಿಸ್ತು.

ಬರೆದ ಕಾಲವನ್ನೂ ಒಂದು ಸಾಲಿನಲ್ಲಿ ಇಟ್ಟುಕೊಳ್ಳಿ. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಎರಿಕ್ ಬ್ಲೇರ್ ಎಂಬ ಈ ಲೇಖಕ 1943ರ ನವೆಂಬರ್‌ನಿಂದ 1944ರ ಫೆಬ್ರವರಿಯೊಳಗೆ ಬರೆದು ಮುಗಿಸಿದ. ಸೋವಿಯತ್ ಒಕ್ಕೂಟ ಆಗ ಬ್ರಿಟನ್ನಿನ ಮಿತ್ರ. ಹಲವು ಪ್ರಕಾಶಕರು ಒಲ್ಲೆ ಎಂದರು. ಹೊರಬಂದದ್ದು 1945ರ ಆಗಸ್ಟ್ 17ರಂದು.

ಎಲ್ಲಿ ಎಡವುತ್ತಾರೆ

1954ರ ಅನಿಮೇಷನ್ ಚಿತ್ರ ನೋಡಿದವರು ಕೊನೆಯಲ್ಲಿ ಪ್ರಾಣಿಗಳು ಹಂದಿಗಳ ಮೇಲೆ ದಂಗೆ ಏಳುತ್ತವೆ ಎಂದು ಬರೆಯುತ್ತಾರೆ. ಪುಸ್ತಕದಲ್ಲಿ ಅದಿಲ್ಲ. ಅಲ್ಲಿ ಅವು ಕಿಟಕಿಯ ಹೊರಗೆ ನಿಂತು ನೋಡುತ್ತವೆ, ಅಷ್ಟೇ.

ಇನ್ನೊಂದು, ಇದು ಸಮಾನತೆಯ ಆಸೆಯನ್ನೇ ಗೇಲಿ ಮಾಡುವ ಪುಸ್ತಕ ಎಂಬ ತೀರ್ಮಾನ. ಅದಕ್ಕೆ ಜೋನ್ಸ್‌ನ ಹಾಳೆಯೇ ಉತ್ತರ: ಕುಡಿದು ಬಿದ್ದು, ಪ್ರಾಣಿಗಳಿಗೆ ಮೇವು ಹಾಕದೆ, ಕೇಳಿದರೆ ಚಾಟಿ ಬೀಸಿದವನು. ಆರ್ವೆಲ್ ಸ್ಪೇನಿನಲ್ಲಿ ಎಡಪಂಥೀಯ ಸೇನೆಯಲ್ಲಿ ಕಾದಾಡಿ 1937ರಲ್ಲಿ ಕೊರಳಿಗೆ ಗುಂಡು ತಿಂದವನು. ದಂಗೆ ಏಳಬಾರದಿತ್ತು ಎಂದು ಅವನು ಎಲ್ಲೂ ಹೇಳುವುದಿಲ್ಲ.

ಪರೀಕ್ಷೆಯ ಉತ್ತರಕ್ಕೆ ಒಂದು ಪಾತ್ರದ ಮೂರು ಘಟನೆ, ಮೂರಕ್ಕೂ ಅಧ್ಯಾಯದ ಸಂಖ್ಯೆ, ಕೊನೆಗೆ ಒಂದು ಇತಿಹಾಸದ ಹೋಲಿಕೆ ಸಾಕು. ಹೋಲಿಕೆಯಿಂದ ಶುರು ಮಾಡಿದರೆ ಉಳಿದದ್ದು ಬರೀ ಅದರ ವಿಸ್ತರಣೆ ಆಗಿಬಿಡುತ್ತದೆ.

ನೋಟ್‌ಬುಕ್ ಸರಿ ತುಂಬಿದೆಯೇ ಎಂದು ನೋಡಲು ಬೆಕ್ಕಿನ ಹಾಳೆ ತೆಗೆಯಿರಿ. ಹೆಚ್ಚಿನವರು ಅದಕ್ಕೆ ಹಾಳೆಯನ್ನೇ ಇಟ್ಟಿರುವುದಿಲ್ಲ. 1ನೇ ಅಧ್ಯಾಯದಲ್ಲಿ ಇಲಿಗಳು ಮಿತ್ರರೋ ಶತ್ರುಗಳೋ ಎಂಬ ಮತದಾನದಲ್ಲಿ ಎರಡೂ ಕಡೆ ಮತ ಹಾಕಿತು. 3ರಲ್ಲಿ ಗುಬ್ಬಚ್ಚಿಗಳಿಗೆ, ನಾವೀಗ ಸಂಗಾತಿಗಳು, ಬಂದು ನನ್ನ ಪಂಜದ ಮೇಲೆ ಕೂರಿ ಎಂದಿತು; ಅವು ಕೂರಲಿಲ್ಲ. 7ರಲ್ಲಿ ರಕ್ತ ಹರಿದ ಸಭೆಗೆ ನೆಪೋಲಿಯನ್ ಎಲ್ಲರನ್ನೂ ಕರೆಸುವ ತುಸು ಮುಂಚೆ ಕಾಣೆಯಾಗಿತ್ತು.